ತಾಳಕ್ಕೆ ತಕ್ಕ ತಪ್ಪೊಪ್ಪಿಗೆ

ಅಮೆರಿಕದ ಅಟ್ಲಾಂಟಾದಲ್ಲಿ ಯಂಗ್ ಥಗ್ ಅಂತ, ಬೀಟ್ ಅನ್ನುವ ತಾಳಕ್ಕೆ ಮಾತು ಪೋಣಿಸಿ ಹಾಡುವ ಒಬ್ಬ ರ‍್ಯಾಪರ್. ಮನೆಯವರು ಇಟ್ಟ ಹೆಸರು ಜೆಫ್ರಿ ವಿಲಿಯಮ್ಸ್. 2022ರ ಮೇ ತಿಂಗಳಲ್ಲಿ ಅವನನ್ನೂ ಸೇರಿಸಿ 28 ಜನರ ಮೇಲೆ ಸಂಘಟಿತ ಅಪರಾಧದ ಕೇಸು ಬಿತ್ತು. ವೈಎಸ್‌ಎಲ್ ಅನ್ನುವುದು ಅವನ ಲೆಕ್ಕದಲ್ಲಿ ಹಾಡಿನ ಕಂಪನಿ, ಸರ್ಕಾರದ ಲೆಕ್ಕದಲ್ಲಿ ಗ್ಯಾಂಗು. ಆರೋಪಗಳಲ್ಲಿ ಕೊಲೆ, ಡ್ರಗ್ಸು, ಬಂದೂಕು ಎಲ್ಲಾ ಇದ್ದವು. ಅದೇನೂ ಹುಡುಗಾಟವಲ್ಲ. ಆದರೆ ಅವುಗಳ ಪಕ್ಕದಲ್ಲೇ ಹಾಡಿನ ಸಾಲುಗಳೂ ಸಾಕ್ಷಿಯ ಹಾಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದವು. ಬೀಟ್ ಹಾಕಿಕೊಂಡು ತಪ್ಪೊಪ್ಪಿಕೊಂಡರೆ ನಾನು ಬಳಸಿಕೊಳ್ಳುವವಳೇ, ಬೇಡ ಅಂದರೆ ನನ್ನ ಕೌಂಟಿ, ಅಂದರೆ ಜಿಲ್ಲೆ, ಬಿಟ್ಟು ಹೋಗಿ ಅನ್ನುವ ಧಾಟಿಯಲ್ಲಿ, ಸರ್ಕಾರದ ಪರ ಕೇಸು ನಡೆಸುವ ಜಿಲ್ಲಾ ಅಟಾರ್ನಿ ಫ್ಯಾನಿ ವಿಲಿಸ್ ವಿಚಾರಣೆಗೆ ಮೊದಲೇ ಹೇಳಿಬಿಟ್ಟಿದ್ದರು. ಈ ಮಾತು ನೆನಪಿಟ್ಟುಕೊಂಡಿರಿ, ಆಮೇಲೆ ಬೇಕಾಗುತ್ತದೆ.

ಈ ಜಾತಿಯ ಹಾಡು ಕೇಳಿದವರಿಗೆ ಗೊತ್ತು, ಒಂದೇ ಪಾತ್ರೆಯಲ್ಲಿ ಮೂರು ಅಡುಗೆ. ಮೊದಲು ಹುಡುಗಿ. ಅವಳಿಗೆ ವಜ್ರ, ಕಾರು, ಸಾಲದಿದ್ದರೆ ವಿಮಾನ. ಆಮೇಲೆ ಗೆಳೆಯರು. ಒಂದೇ ತಟ್ಟೆಯಲ್ಲಿ ಉಂಡವರು, ಜೀವ ಹೋದರೂ ಬಾಯಿ ಬಿಡದವರು. ಕೊನೆಗೆ ದುಡ್ಡು. ಅದು ಹೇಗೆ ಬಂತು ಅಂತ ಕೇಳಬಾರದು, ಆದರೆ ಅವನೇ ಹೇಳುತ್ತಾನೆ. ಸರ್ಕಾರಿ ವಕೀಲರು ಕತ್ತರಿ ಹಿಡಿದು ಬಂದೂಕಿನ ಸಾಲು ಮಾತ್ರ ಕತ್ತರಿಸಿಕೊಂಡರು. 2023ರ ನವೆಂಬರಿನಲ್ಲಿ ನ್ಯಾಯಾಧೀಶರು ಷರತ್ತು ಹಾಕಿ ಅಂಥ 17 ತುಣುಕುಗಳಿಗೆ ಬಾಗಿಲು ತೆರೆದರು. ಹುಡುಗಿಗೆ ಕೊಟ್ಟ ವಿಮಾನವನ್ನು ಯಾರೂ ಹುಡುಕಿಕೊಂಡು ಹೋಗಲಿಲ್ಲ. ‘ನೀನಿಲ್ಲದೆ ಬದುಕಲಾರೆ’ ಅಂತ ಹಾಡುವವರೆಲ್ಲ ಮುಂದಿನ ಆಲ್ಬಂವರೆಗೂ ಗಟ್ಟಿಮುಟ್ಟಾಗಿರುತ್ತಾರಲ್ಲ, ಅವರ ಮೇಲೆ ಸುಳ್ಳು ಸಾಕ್ಷಿಯ ಕೇಸು ಬೇಡವೇ? ಪ್ರೀತಿಯ ಸಾಲು ಬಂದಾಗ ಅದು ಕವಿತೆ, ಗುಂಡಿನ ಸಾಲು ಬಂದಾಗ ಪಂಚನಾಮೆ. ಕುಂಬಳಕಾಯಿ ಕಳ್ಳ ತನ್ನ ಹೆಗಲು ತಾನೇ ಮುಟ್ಟಿ ನೋಡಿಕೊಂಡ ಕಥೆ ನಮಗೆ ಗೊತ್ತು. ಇಲ್ಲಿ ಕುಂಬಳಕಾಯಿಯ ಹಾಡು ಹೇಳಿದವನ ಹೆಗಲನ್ನು ಕೋರ್ಟೇ ಮುಟ್ಟಿ ನೋಡಿತು.

ತೀರ್ಪು ಹೇಳುವ ಸಾಮಾನ್ಯ ಜನರ ತಂಡ, ಅಂದರೆ ಜ್ಯೂರಿ, ಅದನ್ನು ಆರಿಸುವುದಕ್ಕೇ ಹತ್ತು ತಿಂಗಳು ಹಿಡಿಯಿತು. ಬಸುರಿ ಹೆತ್ತು ಬಾಣಂತನ ಶುರುವಾಗುವಷ್ಟು ಕಾಲ. ಕರೆದಾಗ ಬರದೆ ಪರದೇಶಕ್ಕೆ ಹೋಗಿದ್ದ ಒಬ್ಬರಿಗೆ ಜ್ಯೂರಿ ಸೇವೆಯ ಮಹತ್ವ ಕುರಿತು 30 ಪುಟದ ಪ್ರಬಂಧ ಬರೆಯುವ ಶಿಕ್ಷೆ. ಅಂತೂ ವಿಚಾರಣೆ ಶುರುವಾದಾಗ ಸರ್ಕಾರದ ಕಡೆಯವರು ‘ಜಂಗಲ್ ಬುಕ್’ ಬರೆದ ಕಿಪ್ಲಿಂಗ್‌ನ, ತೋಳಕ್ಕೆ ಗುಂಪೇ ಬಲ ಅನ್ನುವ ಪದ್ಯ ಓದಿದರು. ಹಾಡು ಅಪಾಯ ಅಂತ ತೋರಿಸಲು ಪದ್ಯ! ಆರೋಪಿಯ ವಕೀಲ ಬ್ರಯಾನ್ ಸ್ಟೀಲ್ ಸುಮ್ಮನಿರುತ್ತಾರಾ? ಥಗ್ ಅಂದರೆ ‘ಟ್ರೂಲಿ ಹಂಬಲ್ ಅಂಡರ್ ಗಾಡ್’, ದೇವರ ಮುಂದೆ ತಗ್ಗಿಬಗ್ಗಿ ನಡೆಯುವವ ಅಂತ ಬಿಡಿಸಿ ಹೇಳಿದರು. ಥಗ್ ಅನ್ನುವ ಪದ ಇಂಗ್ಲಿಷಿಗೆ ಹೋಗಿದ್ದು ನಮ್ಮ ದೇಶದಿಂದಲೇ, ನಮ್ಮ ಠಕ್ಕನ ದಾಯಾದಿ. ಪಾಪ, ಇಷ್ಟು ದಿನ ನಾವು ಠಕ್ಕರನ್ನು ಸುಮ್ನೆ ಬೈದುಕೊಂಡು ಬಂದೆವು.

ಇನ್ನು ನಿಷ್ಠೆ. ‘ಬಾಯಿ ಬಿಡಲ್ಲ’ ಅನ್ನುವುದು ರ‍್ಯಾಪಿನ ಮೊದಲ ಪಾಠ ಅಲ್ವಾ? ಕೇಸಿನಲ್ಲಿದ್ದ ಹಲವರು ವಿಚಾರಣೆಗೆ ಮುಂಚೆಯೇ ಸರ್ಕಾರದ ಜೊತೆ ರಾಜಿ ಮಾಡಿಕೊಂಡರು. ಬಾಯಿ ಬಿಡದೆ ನಿಂತವರು ಕೋಟು ಟೈ ಹಾಕಿದ ಸ್ಟೀಲ್ ಸಾಹೇಬರು. ನ್ಯಾಯಾಧೀಶರು, ಸರ್ಕಾರಿ ವಕೀಲರು ಮತ್ತು ಒಬ್ಬ ಸಾಕ್ಷಿ ಒಳಕೋಣೆಯಲ್ಲಿ ಗುಟ್ಟಾಗಿ ಮಾತಾಡಿದ್ದು ಇವರ ಕಿವಿಗೆ ಬಿತ್ತು. 2024ರ ಜೂನಿನಲ್ಲಿ ಅದನ್ನು ಎತ್ತಿದರು. ಯಾರು ಹೇಳಿದ್ದು ಅಂತ ನ್ಯಾಯಾಧೀಶರು ಕೇಳಿದರು. ಹೇಳಲ್ಲ ಅಂದರು. ನ್ಯಾಯಾಂಗ ನಿಂದನೆ, ವಾರಾಂತ್ಯಗಳಲ್ಲಿ 20 ದಿನ ಜೈಲು ಅಂತ ಆಯಿತು. ಹಾಗಾದರೆ ನನ್ನ ಕಕ್ಷಿದಾರ ಇರುವ ಜೈಲಿಗೇ ಹಾಕಿ, ಕೇಸಿನ ಕೆಲಸವಾದರೂ ಆಗುತ್ತದೆ ಅಂದರು! ಇಡೀ ವಿಚಾರಣೆಯಲ್ಲಿ ಅಪ್ಪಟ ರ‍್ಯಾಪಿನ ಸಾಲು ಅದೊಂದೇ. ಅದಕ್ಕೆ ಬೀಟ್ ಹಾಕುವವರು ಇರಲಿಲ್ಲ ಅಷ್ಟೆ. ಶಿಕ್ಷೆಯನ್ನು ಮೇಲಿನ ಕೋರ್ಟು ತಡೆಯಿತು. ಜುಲೈನಲ್ಲಿ ಆ ನ್ಯಾಯಾಧೀಶರೇ ಕೇಸಿನಿಂದ ಹೊರಗೆ ಹೋದರು.

ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದ ಇತಿಹಾಸದಲ್ಲೇ ಅತಿ ಉದ್ದದ ವಿಚಾರಣೆ ಎನಿಸಿಕೊಂಡ ಈ ಕೇಸಿನಲ್ಲಿ, 2024ರ ಅಕ್ಟೋಬರ್ 31ರಂದು ಯಂಗ್ ಥಗ್ ಗ್ಯಾಂಗು, ಡ್ರಗ್ಸು, ಬಂದೂಕಿನ ಕೆಲವು ಆರೋಪಗಳನ್ನು ಒಪ್ಪಿಕೊಂಡ. ಈ ಸಲ ಬೀಟ್ ಇರಲಿಲ್ಲ. ಜೈಲಿನಲ್ಲಿದ್ದಷ್ಟು ದಿನ ಸಾಕು ಅಂತ 15 ವರ್ಷದ ಪ್ರೊಬೇಷನ್, ಅಂದರೆ ಷರತ್ತು ಮತ್ತು ನಿಗಾದ ಮೇಲೆ ಮನೆಗೆ ಕಳಿಸಿದರು. ಕೊನೆಗೆ ಉಳಿದಿದ್ದ ಇಬ್ಬರನ್ನು ಡಿಸೆಂಬರಿನಲ್ಲಿ ಜ್ಯೂರಿ ಕೊಲೆ ಆರೋಪದಿಂದ ಬಿಟ್ಟಿತು. ಒಬ್ಬನ ಮೇಲೆ ಬಂದೂಕು ಇಟ್ಟುಕೊಂಡ ತಪ್ಪು ಮಾತ್ರ ನಿಂತಿತು.

ಮನೆಗೆ ಅಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಮೊದಲ ಹತ್ತು ವರ್ಷ ಆತ ಅಟ್ಲಾಂಟಾ ಸುತ್ತಮುತ್ತ ಕಾಲಿಡುವಂತಿಲ್ಲ. ಕೌಂಟಿ ಬಿಡಿ ಅಂದಿದ್ದರಲ್ಲ, ಬಿಡಿಸಿದರು. ಮದುವೆ, ಸಾವಿಗೆ ಬರಬಹುದು. ಅದು ಬಿಟ್ಟರೆ ವರ್ಷಕ್ಕೆ ನಾಲ್ಕು ಸಲ ಬರಲೇಬೇಕು, ಗ್ಯಾಂಗು ಬಂದೂಕು ಬೇಡ ಅಂತ ಶಾಲೆ ಮಕ್ಕಳಂಥವರಿಗೆ ಬುದ್ಧಿ ಹೇಳೋದಕ್ಕೆ. ಊರಿಗೆ ಕಾಲಿಟ್ಟರೆ ಊರು ಕೆಡುತ್ತದೆ, ಆದರೆ ಮಕ್ಕಳಿಗೆ ಪಾಠ ಮಾಡಲು ಅವನೇ ಬೇಕು. ಪಾಠ ಮುಗಿದ ಮೇಲೆ ಯಾವುದಾದರೂ ಮಗು ಒಂದು ಹಾಡು ಹೇಳಿ ಅಂದರೆ? ಬಾಯಿ ತೆರೆಯುವ ಮುಂಚೆ ಸ್ಟೀಲ್ ಸಾಹೇಬರಿಗೆ ಒಂದು ಫೋನು ಮಾಡುವುದು ಕ್ಷೇಮ.