ಹುಲಿ ಬಂದ ದಿನದ ಬಿಳಿ ಕಾಗೆಗಳು

2019ರ ಅಕ್ಟೋಬರ್ 25. ಅರಬ್ಬಿ ಸಮುದ್ರದಲ್ಲಿ ‘ಕ್ಯಾರ್’ ಚಂಡಮಾರುತ ಎದ್ದಿತ್ತು. ಮ್ಯಾನ್ಮಾರ್‌ನವರು ಕೊಟ್ಟ ಹೆಸರು. ಅವರ ಮಾತಿನಲ್ಲಿ ಹುಲಿ ಎಂದರ್ಥ. ಅಷ್ಟಮಿ, ದಸರೆಯ ಹುಲಿವೇಷಗಳೆಲ್ಲ ಬಣ್ಣ ತೊಳೆದುಕೊಂಡ ಮೇಲೆ ಉಡುಪಿ ಕಡೆಗೆ ತಲೆ ಹಾಕಿದ ಈ ಹುಲಿಗೆ ತಾಸೆ, ಡೋಲು ಬೇಕಾಗಿರಲಿಲ್ಲ. ಮಾಡಿನ ತಗಡುಗಳೇ ಸಾಕಿದ್ದವು.

ಅಂಥ ದಿನ ನಾನೂ ಭಾವನೂ ಕಡಲಕ್ಕಿ ನೋಡಲು ಮಲ್ಪೆಗೆ ಹೋದೆವು. ಮೂರ್ಖತನ ನನ್ನದು, ಸ್ಕೂಟರ್ ಭಾವನದು.

ಕಡಲಕ್ಕಿ, ಅಂದರೆ ಗಲ್‌ಗಳಿಗೆ ಹಕ್ಕಿಹುಚ್ಚಿನವರಲ್ಲೂ ದೊಡ್ಡ ಮರ್ಯಾದೆಯಿಲ್ಲ. ಮಂಗಟ್ಟೆಗಾಗಿ ದಾಂಡೇಲಿಗೆ ಓಡುವವರು ದಕ್ಕೆಯಲ್ಲಿ ಮೀನಿನ ಕರುಳಿಗೆ ಕಿತ್ತಾಡುವ ಇವನ್ನು ಕಂಡರೂ ಕಾಣದ ಹಾಗೆ ಹೋಗುತ್ತಾರೆ. “ಕಾಗೆಗೆ ಸುಣ್ಣ ಬಳಿದ ಹಾಗುಂಟು, ಇದನ್ನು ನೋಡ್ಲಿಕ್ಕೆ ದುರ್ಬೀನು ಬೇರೆ ಕೇಡು” ಎಂದ ಭಾವ.

ಸುಣ್ಣ ಬಳಿದದ್ದು ಎಷ್ಟು, ಎಲ್ಲಿ ಎಂಬುದರಲ್ಲೇ ಇದರ ಕಷ್ಟವೆಲ್ಲ ಇದೆ. ಕಂದುತಲೆಯ ಕಡಲಕ್ಕಿಯನ್ನೇ ನೋಡಿ. ಲಡಾಖ್, ಟಿಬೆಟ್‌ನ ಎತ್ತರದ ಸರೋವರಗಳಲ್ಲಿ ಮರಿ ಮಾಡುವಾಗ ಅದರ ತಲೆ ಕಂದು. ಚಳಿಗಾಲಕ್ಕೆ ನಮ್ಮಲ್ಲಿಗೆ ಬರುವಾಗ ತಲೆ ಬಿಳಿ, ಕಿವಿಯ ಹಿಂದೆ ಒಂದು ಮಸಿಯ ಬೊಟ್ಟು ಮಾತ್ರ. ಮಾರ್ಚ್ ಹೊತ್ತಿಗೆ ಮತ್ತೆ ಕಂದು ಏರತೊಡಗುತ್ತದೆ, ಊರಿಗೆ ಹೊರಡುವ ಮುನ್ನ ತಲೆಗೆ ಬಣ್ಣ ಹಚ್ಚಿಕೊಳ್ಳುವ ಮುಂಬೈ ಮಾವನ ಹಾಗೆ. ಕರಿತಲೆಯದ್ದೂ ಇದೇ ಕಥೆ. ಹಾಗಾಗಿ ತಲೆ ಬಿಟ್ಟು ಕಣ್ಣು ನೋಡಬೇಕು: ಕಂದುತಲೆಯದಕ್ಕೆ ತಿಳಿಗಣ್ಣು, ಕರಿತಲೆಯದಕ್ಕೆ ಕಪ್ಪುಗಣ್ಣು. ಸೈಬೀರಿಯಾದಿಂದ ಬರುವ ಹ್ಯೂಗ್ಲಿನ್ಸ್ ಗಲ್ ಇನ್ನೂ ಸತಾಯಿಸುತ್ತದೆ; ದೊಡ್ಡವರ ವೇಷಕ್ಕೆ ಬರಲು ಅದಕ್ಕೆ ಸುಮಾರು ನಾಲ್ಕು ವರ್ಷ ಬೇಕು. ಅಲ್ಲಿಯವರೆಗೆ ವರ್ಷಕ್ಕೊಂದು ಬಗೆಯ ಕಂದು ಮಚ್ಚೆ.

ಜಡಿಮಳೆಯಲ್ಲಿ, ಐವತ್ತು ಮಾರು ದೂರದಿಂದ, ಕಣ್ಣಿನ ಬಣ್ಣ! ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ದುರ್ಬೀನು, ಮಂಜು ಹಿಡಿದ ಕನ್ನಡಕ ಒರೆಸಲು ಮೂರನೆಯ ಕೈಯಿಲ್ಲ. ಕೈಬೈರಾಸ ತಲೆಗೆ ಸುತ್ತಿ, ಬೋಟಿನ ಹಗ್ಗ ಬಿಗಿಯುತ್ತಿದ್ದ ಹಿರಿಯರೊಬ್ಬರು ನಮ್ಮನ್ನೇ ನೋಡುತ್ತಿದ್ದರು. “ಎಂತ ನೋಡುದು ಮಾರಾಯ್ರೇ?” “ಹಕ್ಕಿ.” “ಅದು ದಿನಾ ಇರ್ತದಲ್ಲ?” ಉತ್ತರ ಹೊಳೆಯಲಿಲ್ಲ.

ಅಳಿವೆಯ ಪಕ್ಕದ ಮರಳಿನಲ್ಲಿ ಅವು ಸಾಲಾಗಿ ಕೂತಿದ್ದವು. ಒಂದೂ ಹಾರುತ್ತಿರಲಿಲ್ಲ. ಎಲ್ಲದರ ಕೊಕ್ಕೂ ಗಾಳಿ ಬರುವ ಕಡೆಗೇ, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ಎದುರಿನಿಂದ ಬಂದ ಗಾಳಿ ಗರಿಗಳನ್ನು ಮೈಗೆ ಒತ್ತಿ ಸಾಗುತ್ತದೆ. ಬೆನ್ನು ಕೊಟ್ಟರೆ ಗರಿ ಎದ್ದು ಒಳಗೆ ನೀರು. ನಾವು ಅಷ್ಟು ಹೊತ್ತೂ ಬೆನ್ನು ಕೊಟ್ಟೇ ನಿಂತಿದ್ದೆವು. ಇದನ್ನು ಭಾವನಿಗೆ ವಿವರಿಸುತ್ತಿರುವಾಗಲೇ ಅವನ ಕೊಡೆ ಮೊಗಚಿ ತಾವರೆಯಾಯಿತು.

ಹತ್ತಿರದ ಒಂದು ಹಕ್ಕಿ ತಲೆ ಕೊಡವಿತು. ಕೊಕ್ಕಿನ ತುದಿಯಿಂದ ಒಂದು ಹನಿ ಹಾರಿತು. “ಅದಕ್ಕೂ ಶೀತ ಆಗಿದೆ” ಎಂದು ಭಾವ ಸೀನಿದ. ಶೀತವಲ್ಲ ಭಾವ, ಉಪ್ಪು. ಕಡಲ ನೀರನ್ನೇ ಕುಡಿಯುವ ಇವುಗಳ ಕಣ್ಣಿನ ಮೇಲೆ ಉಪ್ಪು ಸೋಸುವ ಗ್ರಂಥಿಗಳಿವೆ. ಹೆಚ್ಚಾದದ್ದು ಮೂಗಿನ ಹೊಳ್ಳೆಯಿಂದ ಇಳಿದು ಕೊಕ್ಕಿನ ತುದಿಯಲ್ಲಿ ತೊಟ್ಟಿಕ್ಕುತ್ತದೆ. ಆ ಮಳೆಯಲ್ಲಿ ನಾನು ಕಂಡದ್ದು ಉಪ್ಪಿನ ಹನಿಯೋ ಮಳೆಯದೋ, ದೇವರಿಗೇ ಗೊತ್ತು. ಕಣ್ಣಿನ ಬಣ್ಣ ಕೊನೆಗೂ ಕಾಣಲಿಲ್ಲ. ಪುಸ್ತಕದಲ್ಲಿ ‘ಗಲ್, 40ರಷ್ಟು’ ಎಂದು ಬರೆದೆ. ಶಾಯಿ ಅದನ್ನೂ ಕಲಸಿತು.

ಮನೆ ಬಾಗಿಲಲ್ಲಿ ಅಕ್ಕ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. “ನೀರು ತುಂಬುವ ಹಬ್ಬ ನಾಳೆ. ನೀವು ಇವತ್ತೇ ತುಂಬಿಸ್ಕೊಂಡು ಬಂದ್ರಾ?”