ಬೇ ಏರಿಯಾದಿಂದ ಕೊಲಂಬಸ್‌ಗೆ: ಮನೆ ಕೊಳ್ಳುವ ಮೊದಲು ಒಂದು ಚಳಿಗಾಲ ಬಾಡಿಗೆಗಿರಿ

ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲ ಬೇ ಏರಿಯಾದ ಫ್ರೀಮಾಂಟ್‌ನಲ್ಲಿ ಹದಿನೈದು ಲಕ್ಷ ಡಾಲರ್ ಕೊಟ್ಟರೂ ಹಳೆಯ ಮೂರು ಕೋಣೆಯ ಮನೆ. ಒಹಾಯೊದ ಕೊಲಂಬಸ್ ಪಕ್ಕದ ಲೂಯಿಸ್ ಸೆಂಟರ್‌ನಲ್ಲಿ ಐದಾರು ಲಕ್ಷಕ್ಕೆ ನಾಲ್ಕು ಕೋಣೆ, ನೆಲಮಾಳಿಗೆ, ಎರಡು ಕಾರಿನ ಗ್ಯಾರೇಜು, ಹಿತ್ತಿಲು. ಬೇ ಏರಿಯಾ ಬಿಡುವ ಯೋಚನೆಯಲ್ಲಿರುವ ಕನ್ನಡಿಗರ ಮನೆಗಳಲ್ಲಿ ಮಾತು ಶುರುವಾಗುವುದೂ ಮುಗಿಯುವುದೂ ಈ ಲೆಕ್ಕದಲ್ಲೇ. ಲೆಕ್ಕವೇನೂ ಸುಳ್ಳಲ್ಲ. ಚಿಕ್ಕ ಮಕ್ಕಳಿದ್ದು ಒಬ್ಬರ ಸಂಬಳದಲ್ಲೇ ಸಂಸಾರ ತೂಗಿಸಬೇಕೆನ್ನುವವರು ಹೋಗುವುದೇ ಒಳ್ಳೆಯದೆಂದು ನನ್ನ ಖಚಿತ ಅಭಿಪ್ರಾಯ. ಆದರೆ ಆ ಊರು ತೆರಿಗೆ ತೆಗೆದುಕೊಳ್ಳುವ ರೀತಿ ಬೇರೆ, ಅಲ್ಲಿ ಮನೆ ಕಾಪಾಡಿಕೊಳ್ಳುವ ರೀತಿಯೂ ಬೇರೆ. ಅವೆರಡನ್ನೂ ತಿಳಿಯದೆ ಇಳಿದ ತಿಂಗಳಲ್ಲೇ ಮನೆಗೆ ಸಹಿ ಹಾಕಬೇಡಿ. ಜೂನ್ ಅಥವಾ ಜುಲೈನಲ್ಲಿ ಹೋಗಿ, ಹನ್ನೆರಡು ತಿಂಗಳ ಬಾಡಿಗೆ ಕರಾರು ಮಾಡಿಕೊಂಡು, ಒಂದು ಚಳಿಗಾಲ ಕಂಡು, ಆಮೇಲೆ ಕೊಳ್ಳಿ.

ಎಲ್ಲಕ್ಕಿಂತ ಮೊದಲು ವೀಸಾ ನೋಡಿಕೊಳ್ಳಿ. ಎಚ್-1ಬಿ ಕೆಲಸದ ವೀಸಾದಲ್ಲಿರುವವರಿಗೆ ಕಂಪನಿ ಅದೇ, ಕೆಲಸ ಅದೇ, ಮನೆಯಿಂದಲೇ ಮಾಡುವುದು ಎಂದಾದರೂ ಊರು ಬದಲಾದರೆ ಕಾಗದವೂ ಬದಲಾಗಬೇಕು. ಕೆಲಸದ ಜಾಗ ಬೇರೆ ಮಹಾನಗರ ವಲಯಕ್ಕೆ ಹೋದರೆ ಹೊಸ ಎಲ್‌ಸಿಎ (ಆ ಜಾಗದ ಸಂಬಳ, ಷರತ್ತುಗಳನ್ನು ಕಂಪನಿ ಕಾರ್ಮಿಕ ಇಲಾಖೆಗೆ ಬರೆದುಕೊಡುವ ಪತ್ರ) ಮಾಡಿಸಿ, ತಿದ್ದುಪಡಿ ಅರ್ಜಿ ಸಲ್ಲಿಸಿದ ಮೇಲೆಯೇ ಹೊಸ ಜಾಗದಿಂದ ಕೆಲಸ ಶುರು ಮಾಡಬೇಕು. ಸಾಮಾನು ಲಾರಿಗೆ ಹಾಕಿದ ಮೇಲೆ ಕಂಪನಿಯ ವಕೀಲರಿಗೆ ತಿಳಿಸುವುದು ತಪ್ಪು ಕ್ರಮ. ಗ್ರೀನ್ ಕಾರ್ಡಿನ ಮೊದಲ ಹೆಜ್ಜೆಯಾದ ಪರ್ಮ್, ಅಂದರೆ ಕಾರ್ಮಿಕ ಇಲಾಖೆಯ ಪ್ರಮಾಣಪತ್ರ ಕೂಡ ಊರಿಗೆ ಅಂಟಿಕೊಂಡ ಕಾಗದ. ಸ್ಯಾನ್ ಹೋಸೆಯ ಕೆಲಸಕ್ಕೆಂದು ಮಾಡಿಸಿದ್ದು ಕೊಲಂಬಸ್‌ಗೆ ನಡೆಯುವುದಿಲ್ಲ, ಮತ್ತೆ ಮೊದಲಿಂದ ಮಾಡಿಸಬೇಕು. ಪರ್ಮ್ ಆದ ಮೇಲೆ ಕಂಪನಿ ಸಲ್ಲಿಸುವ ಐ-140 ಅರ್ಜಿ ಮಂಜೂರಾಗಿದ್ದರೆ ಗ್ರೀನ್ ಕಾರ್ಡ್ ಸರದಿಯ ದಿನಾಂಕ ಉಳಿಯುತ್ತದೆ, ಅಷ್ಟು ಸಮಾಧಾನ. ಪರ್ಮ್ ಅರ್ಧದಲ್ಲಿದ್ದರೆ ಐ-140 ಕೈಗೆ ಬರುವ ತನಕ ಕದಲಬೇಡಿ. ಹೋದ ಹತ್ತು ದಿನದೊಳಗೆ ಮನೆಯಲ್ಲಿ ಅಮೆರಿಕದ ಪೌರರಲ್ಲದ ಪ್ರತಿಯೊಬ್ಬರಿಗೂ, ಅಂಥ ಮಕ್ಕಳಿಗೂ ಸೇರಿಸಿ, ಎಆರ್-11 ವಿಳಾಸ ಬದಲಾವಣೆ ಸಲ್ಲಿಸಬೇಕು. ಅಂದಹಾಗೆ ಪಾಸ್‌ಪೋರ್ಟ್ ಕೆಲಸಕ್ಕೆ ಒಹಾಯೊ ಸೇರುವುದು ನ್ಯೂಯಾರ್ಕ್ ಕಾನ್ಸುಲೇಟಿಗೆ. ಹತ್ತಿರವಿದೆಯೆಂದು ಶಿಕಾಗೋಗೆ ಕಳಿಸಿದರೆ ಅರ್ಜಿ ವಾಪಸ್ ಬರುತ್ತದೆ.

ಆದಾಯ ತೆರಿಗೆಯಲ್ಲಿ ಉಳಿತಾಯ ದೊಡ್ಡದೇ. ಕ್ಯಾಲಿಫೋರ್ನಿಯಾದಲ್ಲಿ ನಮ್ಮಲ್ಲಿ ಹೆಚ್ಚಿನವರ ಸಂಬಳ ಮುಟ್ಟುವುದು 9.3 ಪ್ರತಿಶತದ ಹಂತ. ಒಹಾಯೊದಲ್ಲಿ 2026ರಿಂದ 26,050 ಡಾಲರ್ ಮೇಲಿನ ಆದಾಯಕ್ಕೆ ಒಂದೇ ದರ, 2.75 ಪ್ರತಿಶತ. ಆದರೆ ಬೇ ಏರಿಯಾದವರಿಗೆ ಅಭ್ಯಾಸವಿಲ್ಲದ ಇನ್ನೊಂದು ತೆರಿಗೆ ಅಲ್ಲಿದೆ. ನಗರವೇ ಸಂಬಳದ ಮೇಲೆ ತೆರಿಗೆ ಹಾಕುತ್ತದೆ, ಕೊಲಂಬಸ್‌ನಲ್ಲಿ 2.5 ಪ್ರತಿಶತ. ಅದನ್ನು ಲೆಕ್ಕ ಹಾಕುವುದು ಕಂಪನಿ ಕೊಡುವ ವಾರ್ಷಿಕ ಸಂಬಳ ಪತ್ರವಾದ ಡಬ್ಲ್ಯೂ-2ರ ಮೆಡಿಕೇರ್ ಸಂಬಳದ ಮೇಲೆ, ಅಂದರೆ 401(ಕೆ) ಎಂಬ ನಿವೃತ್ತಿ ಉಳಿತಾಯಕ್ಕೆ ಹಾಕಿದ ಹಣವೂ ಅದರಲ್ಲಿ ಸೇರುತ್ತದೆ. ಒಂದೂವರೆ ಲಕ್ಷ ಸಂಬಳದಲ್ಲಿ ಇಪ್ಪತ್ತು ಸಾವಿರ ನಿವೃತ್ತಿಗೆ ಹಾಕಿದರೂ ನಗರಕ್ಕೆ ಕೊಡುವುದು ಪೂರ್ತಿ ಒಂದೂವರೆ ಲಕ್ಷದ ಮೇಲೆ, 3,750 ಡಾಲರ್.

ಇದರಲ್ಲಿ ಅಂಚೆ ವಿಳಾಸವನ್ನು ನಂಬಬಾರದು. ವಿಳಾಸದಲ್ಲಿ ಪವೆಲ್ ಎಂದಿರುವ ಎಷ್ಟೋ ಮನೆಗಳು ಪವೆಲ್ ನಗರದೊಳಗಿಲ್ಲ, ಲಿಬರ್ಟಿ ಟೌನ್‌ಶಿಪ್‌ನಲ್ಲಿ, ಅಂದರೆ ಯಾವ ನಗರಕ್ಕೂ ಸೇರದ ಪ್ರದೇಶದಲ್ಲಿವೆ. ಟೌನ್‌ಶಿಪ್‌ನಲ್ಲಿದ್ದರೆ ವಾಸಕ್ಕೆ ನಗರ ತೆರಿಗೆ ಇಲ್ಲ, ನಗರದ ಗಡಿಯೊಳಗಿದ್ದರೆ 2 ಪ್ರತಿಶತ. ಎರಡೂ ಮನೆಗಳ ನಡುವೆ ಒಂದು ರಸ್ತೆ ಅಷ್ಟೇ ಇರಬಹುದು. ಬಿಗ್ ವಾಲ್‌ನಟ್‌ನಂಥ ಕೆಲವು ಶಾಲಾ ಜಿಲ್ಲೆಗಳು ಪ್ರತ್ಯೇಕ ಆದಾಯ ತೆರಿಗೆಯನ್ನೂ ಹಾಕುತ್ತವೆ. ಒಹಾಯೊ ತೆರಿಗೆ ಇಲಾಖೆಯ ಜಾಲತಾಣದಲ್ಲಿ ‘ದ ಫೈಂಡರ್’ ಎಂಬ ಸೌಲಭ್ಯವಿದೆ. ಮನೆಯ ವಿಳಾಸ ಹಾಕಿದರೆ ಯಾವ ನಗರ, ಯಾವ ಶಾಲಾ ಜಿಲ್ಲೆ, ಎಷ್ಟು ದರ ಎಂದು ತೋರಿಸುತ್ತದೆ. ಮನೆ ನೋಡಲು ಹೋಗುವ ಮೊದಲೇ ಅದನ್ನು ನೋಡಿ. ಟೌನ್‌ಶಿಪ್‌ನಲ್ಲಿದ್ದು ವಾರಕ್ಕೆ ಮೂರು ದಿನ ಕೊಲಂಬಸ್ ಕಚೇರಿಗೆ ಹೋಗುವವರು ಆ ಮೂರು ದಿನದ ಪಾಲನ್ನು ಕೊಲಂಬಸ್‌ಗೆ ಕೊಡಬೇಕು. ಕಂಪನಿ ಐದೂ ದಿನಕ್ಕೆ ಹಿಡಿದಿದ್ದರೆ ಉಳಿದದ್ದನ್ನು ಅರ್ಜಿ ಹಾಕಿ ವಾಪಸ್ ಪಡೆಯಬಹುದು, ಮನೆಯಿಂದ ಕೆಲಸ ಮಾಡಿದ ದಿನಗಳನ್ನು ಬರೆದಿಟ್ಟಿದ್ದರೆ ಮಾತ್ರ. ಕ್ಯಾಲಿಫೋರ್ನಿಯಾವೂ ಅಷ್ಟು ಬೇಗ ಕೈಬಿಡುವುದಿಲ್ಲ. ಅಲ್ಲಿದ್ದಾಗ ಕೊಟ್ಟ ಆರ್‌ಎಸ್‌ಯು, ಅಂದರೆ ಕಂಪನಿ ಮೊದಲು ಹೆಸರಿಗೆ ಕೊಟ್ಟು ಆಮೇಲೆ ಹಂತ ಹಂತವಾಗಿ ಕೈಸೇರಿಸುವ ಷೇರುಗಳು, ಒಹಾಯೊಗೆ ಹೋದ ಮೇಲೆ ಕೈಗೆ ಬಂದರೂ, ಕೊಟ್ಟ ದಿನದಿಂದ ಕೈಸೇರಿದ ದಿನದವರೆಗೆ ಎಷ್ಟು ಕೆಲಸದ ದಿನ ಕ್ಯಾಲಿಫೋರ್ನಿಯಾದಲ್ಲಿ ಕಳೆದಿರೋ ಅಷ್ಟು ಪಾಲಿಗೆ ಅಲ್ಲಿ ತೆರಿಗೆ ಕಟ್ಟಬೇಕು. ಅದಕ್ಕೆ ಒಹಾಯೊ ರಿಟರ್ನ್‌ನಲ್ಲಿ ವಿನಾಯಿತಿ ಕೇಳಿ ಪಡೆಯಿರಿ.

ಮನೆ ಕಂದಾಯದ ವಿಷಯದಲ್ಲಿ ನಾವು ಊರಿನಿಂದ ತಂದ ತಿಳಿವಳಿಕೆ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಬೆಂಗಳೂರಿನಲ್ಲಿ ಮನೆ ಕೊಳ್ಳುವವರು ಖಾತೆ ಸರಿಯಿದೆಯೇ ಎಂದು ಹತ್ತು ಸಲ ನೋಡುತ್ತಾರೆ, ಕಂದಾಯವನ್ನು ಲೆಕ್ಕಕ್ಕೇ ಇಡುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲೂ 1978ರ ಪ್ರೊಪೊಸಿಷನ್ 13 ಎಂಬ ಕಾನೂನಿನ ದೆಸೆಯಿಂದ ಕೊಂಡ ಬೆಲೆಯ ಮೇಲೆ ವರ್ಷಕ್ಕೆ ಹೆಚ್ಚೆಂದರೆ 2 ಪ್ರತಿಶತ ಮಾತ್ರ ಮೌಲ್ಯ ಏರಿಸಬಹುದು. ಒಹಾಯೊದಲ್ಲಿ ಆ ತಡೆ ಇಲ್ಲ. ಆರು ವರ್ಷಕ್ಕೊಮ್ಮೆ ಪೂರ್ತಿ ಮರುಮೌಲ್ಯಮಾಪನ, ನಡುವೆ ಮೂರು ವರ್ಷಕ್ಕೊಮ್ಮೆ ಪರಿಷ್ಕರಣೆ. 2023ರಲ್ಲಿ ಕೊಲಂಬಸ್ ಇರುವ ಫ್ರಾಂಕ್ಲಿನ್ ಕೌಂಟಿಯಲ್ಲಿ ಮನೆಗಳ ಮೌಲ್ಯ ಸರಾಸರಿ 40 ಪ್ರತಿಶತದ ಆಸುಪಾಸು ಏರಿತು. ಹಾಗೆಂದು ತೆರಿಗೆಯೂ ಅಷ್ಟೇ ಏರಿತೆಂದಲ್ಲ. 1976ರ ಹೌಸ್ ಬಿಲ್ 920 ಎಂಬ ಕಾನೂನಿನ ಪ್ರಕಾರ, ಮತದಾರರು ಒಪ್ಪಿದ ತೆರಿಗೆಗಳ ದರ ಮೌಲ್ಯ ಏರಿದಂತೆ ಇಳಿಯುತ್ತದೆ. ಇದರಿಂದ ಶಾಲೆಗಳಿಗೆ ಬೆಲೆಯೇರಿಕೆಗೆ ತಕ್ಕ ವರಮಾನ ಬರದೆ, ಕೆಲವು ವರ್ಷಕ್ಕೊಮ್ಮೆ ಅವು ಮತಪತ್ರದಲ್ಲಿ ಹೊಸ ತೆರಿಗೆ ಕೇಳಬೇಕಾಗುತ್ತದೆ. ಒಲೆಂಟಾಂಜಿಯಂಥ ವೇಗವಾಗಿ ಬೆಳೆಯುವ ಶಾಲಾ ಜಿಲ್ಲೆಗೆ ಹೊಸ ಕಟ್ಟಡದ ಖರ್ಚು ಬೇರೆ. ಶಾಲೆ ಚೆನ್ನಾಗಿದೆಯೆಂದು ಅಲ್ಲಿ ಮನೆ ಕೊಳ್ಳುವವರು ಈ ತೆರಿಗೆಯನ್ನೂ ಒಪ್ಪಿಕೊಂಡೇ ಹೋಗಬೇಕು. ಮತದ ಹಕ್ಕು ಬಂದ ಮೇಲೆ ಶಾಲೆಯ ಮತಪತ್ರವನ್ನು ತಪ್ಪಿಸಬೇಡಿ. ಪಕ್ಕದ ಮನೆಯವರು ತಮ್ಮ ಮಕ್ಕಳು ದೊಡ್ಡವರಾದ ಮೇಲೂ ನಮ್ಮ ಮಕ್ಕಳ ಶಾಲೆಗೆ ಹೌದು ಎನ್ನುವ ಆ ಪದ್ಧತಿಯನ್ನು ನಾನು ಗೌರವಿಸುತ್ತೇನೆ.

ಹೊಸದಾಗಿ ಕಟ್ಟಿದ ಮನೆ ಕೊಳ್ಳುವವರ ಕೈ ಕಚ್ಚುವುದು ಇಲ್ಲಿಯೇ. ಒಹಾಯೊದಲ್ಲಿ ಕಂದಾಯ ಒಂದು ವರ್ಷ ತಡವಾಗಿ, ಎರಡು ಕಂತಿನಲ್ಲಿ ಬರುತ್ತದೆ. ಮೊದಲ ಬಿಲ್ಲು ಬರೀ ಖಾಲಿ ನಿವೇಶನದ ಮೇಲಿನದು. ಮನೆಯ ಬೆಲೆ 5,50,000, ತೆರಿಗೆ ಸುಮಾರು 2 ಪ್ರತಿಶತ ಎಂದಿಟ್ಟುಕೊಳ್ಳಿ. ನಿಜವಾದ ತೆರಿಗೆ ವರ್ಷಕ್ಕೆ 11,000. ನಿವೇಶನಕ್ಕೆ 1,20,000 ಮೌಲ್ಯ ಹಾಕಿದ್ದರೆ ಮೊದಲ ಬಿಲ್ಲು 2,400 ಮಾತ್ರ. ಬ್ಯಾಂಕು ಅದನ್ನೇ ನೋಡಿ ತಿಂಗಳಿಗೆ 200 ಡಾಲರ್ ಎಸ್ಕ್ರೋಗೆ (ತೆರಿಗೆ ಕಟ್ಟಲೆಂದು ಸಾಲದ ಕಂತಿನ ಜೊತೆ ಬ್ಯಾಂಕು ಹಿಡಿದಿಡುವ ಖಾತೆ) ಹಿಡಿಯುತ್ತದೆ. ಪೂರ್ತಿ ಬಿಲ್ಲು ಬಂದ ದಿನ 8,600 ಕೊರತೆ. ಅದನ್ನು ಹನ್ನೆರಡು ತಿಂಗಳಲ್ಲಿ ವಸೂಲು ಮಾಡುವುದರ ಜೊತೆಗೆ ಮುಂದಿನ ವರ್ಷಕ್ಕೂ ಹೆಚ್ಚು ಹಿಡಿಯಬೇಕಾದ್ದರಿಂದ ಕಂತು ಒಮ್ಮೆಲೇ ತಿಂಗಳಿಗೆ 1,430 ಡಾಲರ್‌ನಷ್ಟು ಏರುತ್ತದೆ. ಮೊದಲ ತಿಂಗಳಿಂದಲೇ ಏಳುನೂರು ಡಾಲರ್ ಬೇರೆ ಖಾತೆಗೆ ಹಾಕುತ್ತಾ ಬಂದರೆ ಈ ಪೆಟ್ಟು ಬೀಳುವುದಿಲ್ಲ.

ಸಾಮಾನು ಸಾಗಿಸುವ ವಿಷಯ ಚಿಕ್ಕದಾಗಿ ಹೇಳುತ್ತೇನೆ. ದಾರಿ ಸುಮಾರು 2,400 ಮೈಲಿ. ಇಷ್ಟಕ್ಕಿಂತ ಹೆಚ್ಚು ಕೇಳುವುದಿಲ್ಲ ಎಂದು ಬರೆದುಕೊಟ್ಟ ಅಂದಾಜು ಪತ್ರ ಇಲ್ಲದೆ ಮುಂಗಡ ಕೊಡಬೇಡಿ. ವಿಮೆಗೆಂದು ಬೇರೆ ಹಣ ಕೊಡದಿದ್ದರೆ ಪರಿಹಾರ ಸಿಗುವುದು ಪೌಂಡಿಗೆ 60 ಸೆಂಟ್‌ನಂತೆ. 30 ಪೌಂಡಿನ ಗ್ರೈಂಡರ್ ಒಡೆದರೆ ಕೈಗೆ ಬರುವುದು 18 ಡಾಲರ್. ರುಬ್ಬುವ ಕಲ್ಲುಗಳನ್ನು ತೆಗೆದು ಬೇರೆಯಾಗಿ ಸುತ್ತಿ, ನಿಮ್ಮ ಕಾರಿನಲ್ಲೇ ಇಟ್ಟುಕೊಳ್ಳಿ. ಕಂಪನಿ ಸಾಗಣೆಯ ಖರ್ಚು ಕೊಟ್ಟರೆ ಅದು 2018ರಿಂದ ತೆರಿಗೆಗೆ ಒಳಪಡುವ ಆದಾಯ. ಆ ತೆರಿಗೆಯನ್ನೂ ಕಂಪನಿಯೇ ತುಂಬುವಂತೆ ಮೊದಲೇ ಮಾತಾಡಿಕೊಳ್ಳಿ.

ಇನ್ನು ಮನೆ. ಹೊಸ ಮನೆ ಕಟ್ಟಿಸುವವರು ಅಡುಗೆಮನೆಯ ಹೊಗೆ ಎಲ್ಲಿಗೆ ಹೋಗುತ್ತದೆಂದು ಕೇಳಲೇಬೇಕು. ಎಷ್ಟೋ ಮನೆಗಳಲ್ಲಿ ಒಲೆಯ ಮೇಲಿನ ಮೈಕ್ರೋವೇವ್ ಗಾಳಿಯನ್ನು ಎಳೆದು ಮತ್ತೆ ಅಡುಗೆಮನೆಗೇ ಬಿಡುತ್ತದೆ. ಬೇ ಏರಿಯಾದಲ್ಲಿ ಕಿಟಕಿ ತೆರೆದರೆ ಮುಗಿಯಿತು. ಇಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಿಟಕಿ ಮುಚ್ಚಿಯೇ ಇರುತ್ತದೆ, ಮೆಣಸಿನಕಾಯಿ ಒಗ್ಗರಣೆಯ ಘಾಟು ಮನೆ ಬೆಚ್ಚಗಿಡುವ ಫರ್ನೇಸ್ ಕೊಳವೆಗಳಲ್ಲಿ ಸುತ್ತಿ ಮೇಲಿನ ಕೋಣೆಗಳಿಗೆ ಹೋಗುತ್ತದೆ. ಗೋಡೆ ಏಳುವಾಗಲೇ ಹೊರಗೆ ಹೋಗುವ ಕೊಳವೆ ಹಾಕಿಸುವುದು ಸುಲಭ, ಆಮೇಲೆ ಒಡೆಸಬೇಕು. ನೆಲಮಾಳಿಗೆಗೆ ರೇಡಾನ್ ಪರೀಕ್ಷೆ ಮಾಡಿಸಿ. ಮಣ್ಣಿನ ಯುರೇನಿಯಂನಿಂದ ಹುಟ್ಟುವ, ವಾಸನೆಯಿಲ್ಲದ ಈ ಅನಿಲ ಒಹಾಯೊದಲ್ಲಿ ಜಾಸ್ತಿ, ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣವಾಗುವಂಥದ್ದು. ಲೀಟರಿಗೆ 4 ಪಿಕೊಕ್ಯೂರಿ ಅಥವಾ ಹೆಚ್ಚು ಬಂದರೆ, ನೆಲದಡಿಯಿಂದ ಗಾಳಿ ಎಳೆದು ಸೂರಿನ ಮೇಲೆ ಬಿಡುವ ಕೊಳವೆ ಮತ್ತು ಫ್ಯಾನು ಹಾಕಿಸಬೇಕು. ಮಾರುವವರ ಖರ್ಚಿನಲ್ಲೇ ಹಾಕಿಸಿಕೊಳ್ಳಲು ಕೇಳಬಹುದು.

ಚಳಿಗಾಲದಲ್ಲಿ ಹೊಸಬರು ತಪ್ಪುವುದು ಹಿತ್ತಿಲ ನಲ್ಲಿಯಲ್ಲಿ. ಹೆಪ್ಪುಗಟ್ಟದ ನಲ್ಲಿ ಎಂದು ಹಾಕಿಸಿರುತ್ತಾರೆ. ಅದರ ನೀರು ತಡೆಯುವ ಬಿರಡೆ ಹಿಡಿಯ ಹತ್ತಿರ ಇರುವುದಿಲ್ಲ, ಎಂಟು-ಹತ್ತು ಅಂಗುಲ ಒಳಗೆ, ಬೆಚ್ಚಗಿನ ಗೋಡೆಯ ಆಚೆ ಇರುತ್ತದೆ. ತಿರುಗಿಸಿ ಮುಚ್ಚಿದಾಗ ಹೊರಭಾಗದ ನೀರೆಲ್ಲ ಸುರಿದುಹೋಗಿ ಕೊಳವೆ ಖಾಲಿಯಾಗಬೇಕು. ಗಿಡಕ್ಕೆ ನೀರು ಬಿಡುವ ಪೈಪನ್ನು ಸಿಕ್ಕಿಸಿಯೇ ಬಿಟ್ಟರೆ ನೀರು ಸುರಿಯದೆ ಒಳಗೇ ನಿಂತು, ಹೆಪ್ಪುಗಟ್ಟಿ, ತಾಮ್ರದ ಕೊಳವೆ ಸೀಳುತ್ತದೆ. ಆಗ ಗೊತ್ತೇ ಆಗುವುದಿಲ್ಲ. ಏಪ್ರಿಲ್‌ನಲ್ಲಿ ನಲ್ಲಿ ತಿರುಗಿಸಿದ ದಿನ ನೀರು ಹಿತ್ತಿಲಿಗೂ ಬರುತ್ತದೆ, ಗೋಡೆಯೊಳಗಿಂದ ನೆಲಮಾಳಿಗೆಗೂ ಬರುತ್ತದೆ. ಅಕ್ಟೋಬರ್ ಮುಗಿಯುವುದರೊಳಗೆ ಪೈಪು ಬಿಚ್ಚಿಡಿ. ಡಿಸೆಂಬರ್ ರಜೆಗೆ ಊರಿಗೆ ಹೋಗುವಾಗ ಫರ್ನೇಸನ್ನು ಆರಿಸಬೇಡಿ. 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಸದೆ, ಮನೆಯ ಮುಖ್ಯ ನೀರಿನ ಕವಾಟ ಮುಚ್ಚಿ, ಒಳಗಿನ ನಲ್ಲಿಗಳನ್ನು ತೆರೆದು ನೀರು ಇಳಿಸಿ ಹೋಗಿ. ಕಾರಿಗೆ ಕ್ಯಾಲಿಫೋರ್ನಿಯಾದಲ್ಲಿ ತುಂಬಿಸಿದ ಗಾಜು ತೊಳೆಯುವ ನೀರನ್ನು ಖಾಲಿ ಮಾಡಿ, ಸೊನ್ನೆಗಿಂತ 20 ಡಿಗ್ರಿ ಫ್ಯಾರನ್‌ಹೀಟ್ ಕೆಳಗೂ ಹೆಪ್ಪುಗಟ್ಟದ್ದನ್ನು ಹಾಕಿ. ರಸ್ತೆಗೆ ಸುರಿದ ಉಪ್ಪು ತಳ ತಿನ್ನುತ್ತದೆ, ಹಿಮ ನಿಂತಾಗಲೆಲ್ಲ ಕಾರಿನ ತಳ ತೊಳೆಸಿ.

ಕೆಲಸದ ವಿಷಯದಲ್ಲಿ ಒಂದು ಎಚ್ಚರ. ಜೆಪಿ ಮಾರ್ಗನ್ ಚೇಸ್, ನೇಷನ್‌ವೈಡ್, ಕಾರ್ಡಿನಲ್ ಹೆಲ್ತ್, ಮೇರಿಸ್‌ವಿಲ್‌ನ ಹೋಂಡಾ ಹೀಗೆ ದೊಡ್ಡ ಹೆಸರುಗಳಿದ್ದರೂ ಬೇ ಏರಿಯಾದಂತೆ ಒಂದು ಬಾಗಿಲು ಮುಚ್ಚಿದರೆ ಎದುರಿನ ಕಟ್ಟಡದಲ್ಲಿ ಇನ್ನೊಂದು ತೆರೆದಿರುವುದಿಲ್ಲ. ನ್ಯೂ ಆಲ್ಬನಿ ಬಳಿ ಇಂಟೆಲ್ ಕಾರ್ಖಾನೆ ಬರುವುದೆಂದು 2022ರಲ್ಲಿ ಘೋಷಣೆಯಾಯಿತು. 2025ರಲ್ಲಿ ಮೊದಲ ಘಟಕವನ್ನೇ 2030ಕ್ಕೆ ಮುಂದೂಡಿದರು. ಆ ನಿರೀಕ್ಷೆಯ ಮೇಲೆ ಮನೆ ಕೊಳ್ಳಬಾರದು. ಕ್ಯಾಲಿಫೋರ್ನಿಯಾದ ಮನೆ ಮಾರಿದರೆ ಪ್ರೊಪೊಸಿಷನ್ 13ರ ಹಳೆಯ ಮೌಲ್ಯವೂ ಹೋಯಿತು. ವಾಪಸ್ ಹೋಗಬೇಕಾದರೆ ಅಂದಿನ ಬೆಲೆಗೇ ಕೊಳ್ಳಬೇಕು. ನಿರ್ಧಾರ ಆಗದಿದ್ದರೆ ಬಾಡಿಗೆಗೆ ಕೊಟ್ಟು ಹೋಗಿ. ಆದರೆ ಮಾರುವ ದಿನದ ಹಿಂದಿನ ಐದು ವರ್ಷಗಳಲ್ಲಿ ಎರಡು ವರ್ಷ ನೀವೇ ವಾಸವಿದ್ದರೆ ಮಾತ್ರ ದಂಪತಿಗೆ ಐದು ಲಕ್ಷದವರೆಗಿನ ಲಾಭಕ್ಕೆ ವಿನಾಯಿತಿ. ಹಾಗಾಗಿ ಮೂರು ವರ್ಷ ದಾಟಿಸಬೇಡಿ.

ಬಾಡಿಗೆಯ ವರ್ಷ ಮುಗಿಯುತ್ತ ಬಂದಾಗ ಮನೆ ನೋಡಲು ಒಳ್ಳೆಯ ಸಮಯ ಮಾರ್ಚ್ ಕೊನೆ, ಏಪ್ರಿಲ್. ಹಿಮ ಕರಗಿ ಮಳೆ ಬಿದ್ದಿರುತ್ತದೆ, ನೆಲ ನೀರು ಕುಡಿದು ತುಂಬಿರುತ್ತದೆ. ಮೇಲಿನ ಕೋಣೆಗಳನ್ನು ಆಮೇಲೆ ನೋಡಿ, ಮೊದಲು ನೆಲಮಾಳಿಗೆಗೆ ಇಳಿಯಿರಿ. ಗೋಡೆಯ ಬುಡದಲ್ಲಿ ಸುಣ್ಣದಂಥ ಬಿಳಿ ಪುಡಿ ಎದ್ದಿದ್ದರೆ ಅಲ್ಲಿ ನೀರು ಒಸರುತ್ತದೆ ಎಂದರ್ಥ. ನೆಲದಡಿಯ ನೀರು ಬಂದು ಸೇರುವ ಸಂಪ್ ಗುಂಡಿಯ ಮುಚ್ಚಳ ತೆಗೆಸಿ, ಒಂದು ಬಕೆಟ್ ನೀರು ಸುರಿಯಿರಿ. ತೇಲುಗುಂಡು ಏಳಬೇಕು, ಪಂಪು ಓಡಬೇಕು, ಗುಂಡಿ ಖಾಲಿಯಾಗಿ ತಾನಾಗಿ ನಿಲ್ಲಬೇಕು. ಬಿರುಗಾಳಿ ಮಳೆಯಲ್ಲಿ ಕರೆಂಟು ಹೋಗುವುದೂ ಆಗಲೇ, ನೀರು ಏರುವುದೂ ಆಗಲೇ. ಆದ್ದರಿಂದ ಬ್ಯಾಟರಿಯ ಎರಡನೇ ಪಂಪು ಇದೆಯೇ ನೋಡಿ. ಸಂಪ್ ಉಕ್ಕಿ ಆದ ಹಾನಿ ಸಾಮಾನ್ಯ ಮನೆ ವಿಮೆಯಲ್ಲಿ ಸೇರಿರುವುದಿಲ್ಲ, ಅದಕ್ಕೆ ಪ್ರತ್ಯೇಕ ಸೇರ್ಪಡೆ ಬರೆಸಬೇಕು. ಸಹಿ ಹಾಕುವ ದಿನವೇ ಬರೆಸಿಕೊಳ್ಳಿ.