ರಾಡಿಯಲ್ಲಿ ಹೂತ ಕಾಲು

ಹಕ್ಕಿ ನೋಡುವವರು ರೆಕ್ಕೆಯ ಬಣ್ಣ, ಕೂಗು ಇಂಥವನ್ನೇ ಗಮನಿಸುತ್ತಾರೆ ಅಂದುಕೊಂಡಿದ್ದೆ. ಚಿಕ್ಕಸಂಗಮಕ್ಕೆ ಹೋದ ಮೇಲೆ ಗೊತ್ತಾಯಿತು, ಅವರ ಅರ್ಧ ಆಯುಷ್ಯ ಕಾಲು ನೋಡುವುದರಲ್ಲೇ ಹೋಗುತ್ತದೆ.

ಬಾಗಲಕೋಟೆಯ ನವನಗರದಿಂದ ಇನ್ನೂ ಕತ್ತಲಿರುವಾಗಲೇ ಗೆಳೆಯ ನನ್ನನ್ನು ಎಬ್ಬಿಸಿ ಕರೆದೊಯ್ದಿದ್ದ. ಘಟಪ್ರಭೆ ಕೃಷ್ಣೆಯನ್ನು ಸೇರುವ ಜಾಗ ಅದು. ಆಲಮಟ್ಟಿ ಅಣೆಕಟ್ಟು ತುಂಬಿ 519.60 ಮೀಟರ್ ಮುಟ್ಟಿದಾಗ ಅಲ್ಲೆಲ್ಲ ಬರೀ ನೀರು. ಬೇಸಿಗೆ ಹತ್ತಿರವಾದಂತೆ ನೀರು ಹಿಂದೆ ಸರಿದು ರಾಡಿ ಬಿಟ್ಟುಹೋಗುತ್ತದೆ. ಆ ರಾಡಿಯ ಹುಳುಗಳಿಗಾಗಿ ಸೈಬೀರಿಯದ ಕಡೆಯಿಂದಲೂ ಹಕ್ಕಿ ಬರುತ್ತವೆ. ಪೇಪರಿನಲ್ಲಿ ಫೋಟೋ ಬರುವುದು ರಾಜಹಂಸದ್ದು. ಗೆಳೆಯನಿಗೆ ಅದು ಬೇಡ. "ಅದನ್ನ ಯಾರ್ ಬೇಕಾದ್ರೂ ಗುರುತು ಹಿಡೀತಾರ" ಅಂದ.

ಅವನಿಗೆ ಬೇಕಾದ್ದು ಗುಬ್ಬಿಯಷ್ಟೇ ಇರುವ ಕಂದು ಬಣ್ಣದ ಸ್ಟಿಂಟ್. ಲಿಟಲ್ ಸ್ಟಿಂಟ್‌ಗೆ ಕರಿಕಾಲು, ಟೆಮ್ಮಿಂಕ್ ಸ್ಟಿಂಟ್‌ಗೆ ಹಳದಿ ಕಾಲು. ಇಷ್ಟೇ ಅಲ್ವಾ ಅಂದುಕೊಂಡೆ. ಆದರೆ ಇದು ಎರೆಮಣ್ಣಿನ ನಾಡು. ರಾಡಿಯಲ್ಲಿ ಓಡಾಡಿದ ಮೇಲೆ ಎಲ್ಲರ ಕಾಲೂ ಕಪ್ಪೇ, ನನ್ನವೂ ಸೇರಿ. ಒಂದು ಹಕ್ಕಿ ನೀರಿಗಿಳಿದು ಕಾಲು ತೊಳೆದುಕೊಳ್ಳಲಿ ಅಂತ ನಾವಿಬ್ಬರು ಒಂದು ತಾಸು ಕುಕ್ಕರುಗಾಲಲ್ಲಿ ಕಾದೆವು. ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಇಷ್ಟು ಕಾದಿರಲಿಲ್ಲ.

ಕುರಿ ಹೊಡೆದುಕೊಂಡು ಬಂದ ಅಜ್ಜ ಒಬ್ಬ ನಿಂತ.

"ಏನ್ ನೋಡಾಕತ್ತೀರಿ ಸರ?"

"ಹಕ್ಕಿ ಕಾಲು ನೋಡಾಕತ್ತೇವಿ ಅಜ್ಜಾರ. ಹಳದಿ ಐತೋ, ಕಪ್ಪು ಐತೋ ಅಂತ."

"ಹಳದಿ ಇದ್ರ ಏನ್ ಆಕ್ಕೈತ್ರಿ?"

ಗೆಳೆಯ ಬೈನಾಕ್ಯುಲರ್‌ನಿಂದ ಕಣ್ಣು ತೆಗೆಯಲಿಲ್ಲ. ನನಗಂತೂ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಕುರಿಗಳು ನುಗ್ಗಿ, ಇಡೀ ಹಿಂಡು ಹಾರಿಹೋಯಿತು.

ರೀವಗಳು, ಅಂದರೆ ಮೀನು ಹಿಡಿಯುವ ಟರ್ನ್ ಹಕ್ಕಿಗಳು, ಇದಕ್ಕಿಂತ ವಾಸಿ. ಅವು ರಾಡಿಗಿಳಿದು ಕಾಲು ಬಚ್ಚಿಡುವುದಿಲ್ಲ, ನೀರಿನ ಮೇಲೆಯೇ ಇರುತ್ತವೆ. ಕೊಕ್ಕು ಕೆಳಗೆ ಮಾಡಿ, ಏನೋ ಕಳೆದುಕೊಂಡವರ ಹಾಗೆ ಹುಡುಕುತ್ತ ಹಾರುತ್ತವೆ. ಗಾಳಿಯಲ್ಲೇ ಗಕ್ಕನೆ ನಿಂತು ದೊಪ್ಪೆಂದು ನೀರಿಗೆ ಬೀಳುತ್ತವೆ. ಹಳದಿ ಕೊಕ್ಕಿನ ನದಿ ರೀವಗಳು ನಾಲ್ಕಾರು ಸಿಕ್ಕವು. ಗೆಳೆಯ ಹುಡುಕುತ್ತಿದ್ದದ್ದು ಕಪ್ಪು ಹೊಟ್ಟೆಯದನ್ನು. ಅದು ಅಳಿವಿನಂಚಿನ ಹಕ್ಕಿ. ಹೊಳೆಯ ಮರಳದಿಬ್ಬದ ಮೇಲೆ ಬರಿ ನೆಲದಲ್ಲೇ ಮೊಟ್ಟೆ ಇಡುತ್ತದೆ. ನಾಯಿ ಬಂದರೂ ಕಷ್ಟ, ನೀರು ಏರಿದರೂ ಕಷ್ಟ. ಮರಳು ಎತ್ತುವ ಲಾರಿ ಬಂದರೆ ದಿಬ್ಬವೇ ಇಲ್ಲ.

ಬಿಸಿಲೇರಿತು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ಆಗಲೇ ದೂರದಲ್ಲಿ ಕಿತ್ತಳೆ ಕೊಕ್ಕಿನದೊಂದು ಹೋಯಿತು. ಗೆಳೆಯ ರೊಟ್ಟಿ ಬಿಟ್ಟು ಎದ್ದ. "ಹೊಟ್ಟಿ ಕಂಡ್ತೇನಲೇ?" ನಾನು ಕಂಡಿತು ಅನ್ನಬಹುದಿತ್ತು. ಆದರೆ ಕಂಡದ್ದು ಬೆನ್ನು. ಅವನ ಪುಸ್ತಕದಲ್ಲಿ ಅವತ್ತಿನ ಸಾಲಿನ ಮುಂದೆ ಇನ್ನೂ ಪ್ರಶ್ನಾರ್ಥಕ ಚಿಹ್ನೆ ಇದೆ.

ಮನೆ ಬಾಗಿಲಲ್ಲಿ ಅವ್ವ ನನ್ನನ್ನು ತಡೆದಳು. ಮುಖ ನೋಡಲಿಲ್ಲ, ನೇರ ಕಾಲನ್ನೇ ನೋಡಿದಳು.

"ಹಿತ್ತಲಕ್ಕ ಹೋಗಿ ತೊಳ್ಕೊಂಡ್ ಬಾ. ಯಾವ ಜಾತಿ ಅಂತನೂ ಗೊತ್ತಾಗವಲ್ದು."